ಕಾರಿನ ರೇಡಿಯೊ ಕೋಡ್ ಕೇಳಿದರೆ ಮೊದಲು ಹುಡುಕಬೇಕಾದದ್ದು ಸೀರಿಯಲ್ ನಂಬರ್

ಬ್ಯಾಟರಿ ಬದಲಾಯಿಸಿದ ಮೇಲೆ ಕಾರಿನ ರೇಡಿಯೊ ಕೋಡ್ ಕೇಳುತ್ತಾ ನಿಂತುಬಿಟ್ಟರೆ ಏನು ಮಾಡಬೇಕು ಅಂತ ಈಚೆಗೆ ಪರಿಚಯದವರೆಲ್ಲ ನನ್ನನ್ನು ಕೇಳುತ್ತಿದ್ದಾರೆ. ನನ್ನ ಕಾರಿನಲ್ಲಿ ಇದು ಆದಾಗ ಏನೇನು ಮಾಡಿದೆ ಅನ್ನುವುದನ್ನೇ ಬರೆದಿಡುತ್ತೇನೆ. ಇದೇ ತೊಂದರೆಯಲ್ಲಿ ಇರುವವರಿಗೆ ಉಪಯೋಗವಾಗಲಿ.

ನನ್ನದು ಹಳೇ ಫೋಕ್ಸ್‌ವ್ಯಾಗನ್. ಒಬ್ಬ ನಿವೃತ್ತ ಮೇಷ್ಟ್ರಿಂದ ಕೊಂಡಿದ್ದು. ಅದರಲ್ಲಿರುವುದು ಕ್ಯಾಸೆಟ್ ಹಾಕುವ ರೇಡಿಯೊ. ಬ್ಯಾಟರಿ ಪೂರ್ತಿ ಸತ್ತುಹೋಗಿ, ಗ್ಯಾರೇಜಿನಲ್ಲಿ ಹೊಸದು ಹಾಕಿಸಿಕೊಂಡು ಬಂದ ಮೇಲೆ ರೇಡಿಯೊ ಆನ್ ಮಾಡಿದರೆ ಪರದೆಯ ಮೇಲೆ ಬಂದಿದ್ದು ಒಂದೇ ಮಾತು: ಸೇಫ್. ಯಾವ ಗುಂಡಿ ಒತ್ತಿದರೂ ಅಷ್ಟೇ. ಸ್ಟೇಷನ್ ಇಲ್ಲ, ಕ್ಯಾಸೆಟ್ ಓಡುವುದಿಲ್ಲ.

"ಅದನ್ನ ತೆಗೆದು ಹೊಸದು ಹಾಕಿಸಿಬಿಡಿ ಮೇಡಂ, ಯಾರು ಈಗ ಕ್ಯಾಸೆಟ್ ಕೇಳ್ತಾರೆ" ಅಂತ ಗ್ಯಾರೇಜಿನವರು ಹೇಳಿದರು. ನಮ್ಮ ಅಪ್ಪ ಕೇಳುತ್ತಾರೆ. ಅವರೇ ವರ್ಷಗಟ್ಟಲೆ ಕೂತು ರೇಡಿಯೊದಿಂದ ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ಟುಗಳು ಒಂದು ಡಬ್ಬದ ತುಂಬಾ ಇವೆ. ಮನೆಯ ಟೇಪ್ ರೆಕಾರ್ಡರ್ ಕೆಟ್ಟು ಎಷ್ಟೋ ಕಾಲವಾಯಿತು. ಅವು ಓಡುವ ಜಾಗ ಅಂತ ಉಳಿದಿರುವುದು ಈ ಕಾರು ಒಂದೇ. ಹಾಗಾಗಿ ಹೊಸದು ಹಾಕಿಸುವ ಮಾತು ಬೇಡ, ಇದನ್ನೇ ಸರಿ ಮಾಡಿಸಬೇಕು ಅಂತ ನಾನು ಅಲ್ಲೇ ಗಟ್ಟಿ ಮಾಡಿಕೊಂಡೆ.

ರೇಡಿಯೊ ಕೆಟ್ಟಿಲ್ಲ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿದೆ. 1980 ಮತ್ತು 90ರ ದಶಕದಲ್ಲಿ ಕಾರಿನ ಗಾಜು ಒಡೆದು ರೇಡಿಯೊ ಕದಿಯುವುದು ಎಷ್ಟು ಜಾಸ್ತಿಯಿತ್ತೆಂದರೆ, ನ್ಯೂಯಾರ್ಕಿನಲ್ಲಿ ಜನ 'ಒಳಗೆ ರೇಡಿಯೊ ಇಲ್ಲ' ಅಂತ ಬರೆದು ಕಿಟಕಿಗೆ ಅಂಟಿಸುತ್ತಿದ್ದರು. ಕಂಪನಿಗಳು ಅದಕ್ಕೆ ಬೇರೆ ಬೇರೆ ಉಪಾಯ ಮಾಡಿದವು. ರೇಡಿಯೊವನ್ನೇ ಹಿಡಿ ಹಿಡಿದು ಎಳೆದುಕೊಂಡು ಕೈಯಲ್ಲಿ ಒಯ್ಯುವಂಥದ್ದು ಬಂತು. ಮುಂದಿನ ಮುಖ ಮಾತ್ರ ಕಳಚುವಂಥದ್ದು ಬಂತು. ಇನ್ನೊಂದು ಉಪಾಯವೇ ಈ ಕೋಡ್. ಕರೆಂಟು ಒಮ್ಮೆ ಪೂರ್ತಿ ಕಡಿದುಹೋದರೆ 'ನನ್ನನ್ನು ಯಾರೋ ಬಿಚ್ಚಿದ್ದಾರೆ' ಅಂತ ರೇಡಿಯೊ ಎಣಿಸುತ್ತದೆ, ಕೋಡ್ ಕೊಡುವ ತನಕ ಬಾಯಿ ಬಿಡುವುದಿಲ್ಲ. ಕದ್ದವನ ಕೈಯಲ್ಲಿ ಅದು ಬರೀ ಡಬ್ಬ. ಬ್ಯಾಟರಿ ಬದಲಾಯಿಸಿದರೂ ಕರೆಂಟು ಕಡಿಯುವುದರಿಂದ ಪಾಪ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬ್ಯಾಟರಿ ತೆಗೆದಾಗ ಕೋಡ್ ಅಳಿಸಿಹೋಯಿತು ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಅಳಿಸಿಹೋಗುವುದು ನೀವು ಹಾಕಿಟ್ಟ ಸ್ಟೇಷನ್‌ಗಳು, ಸೌಂಡ್ ಸೆಟ್ಟಿಂಗ್, ಇಂಥವು. ಕೋಡ್ ಇರುವುದು ಕರೆಂಟ್ ಇಲ್ಲದಿದ್ದರೂ ಮರೆಯದ ಒಂದು ಸಣ್ಣ ಮೆಮೊರಿ ಚಿಪ್‌ನಲ್ಲಿ. ಅದು ಅಲ್ಲೇ ಭದ್ರವಾಗಿರುತ್ತದೆ. ಬ್ಯಾಟರಿಯನ್ನು ಮತ್ತೆ ಕಳಚಿ ಮತ್ತೆ ಹಾಕಿ ನೋಡುವುದರಿಂದ ಏನೂ ಆಗುವುದಿಲ್ಲ. ಫ್ಯೂಸ್ ಎಳೆದು ನೋಡಿದರೂ ಅಷ್ಟೇ.

ಗ್ಯಾರೇಜಿನ ಹುಡುಗ ಅಷ್ಟರಲ್ಲಿ ತನಗೆ ತೋಚಿದ ನಂಬರುಗಳನ್ನು ಹಾಕಿ ನೋಡಿದ್ದ. ಅವನ ಉದ್ದೇಶ ಒಳ್ಳೆಯದೇ. ಆದರೆ ಈ ರೇಡಿಯೊಗಳಲ್ಲಿ ಎರಡು ಸಲ ತಪ್ಪಾದರೆ ಸುಮಾರು ಒಂದು ಗಂಟೆ ಬಾಗಿಲು ಹಾಕಿಕೊಳ್ಳುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ನಾಲ್ಕಂಕಿಯ ಕೋಡ್ ಅಂದರೆ 10,000 ಸಾಧ್ಯತೆ. ಗಂಟೆಗೆ ಎರಡರಂತೆ ಎಲ್ಲವನ್ನೂ ಹಾಕಿ ನೋಡಲು 5,000 ಗಂಟೆ ಬೇಕು. ಹಗಲು ರಾತ್ರಿ ಬಿಡದೆ ಕೂತರೂ 208 ದಿನದ ಮೇಲೆ. ಬೇರೆ ಕೆಲವು ಕಂಪನಿಯ ರೇಡಿಯೊಗಳು ಹತ್ತು ಸಲ ತಪ್ಪಾದರೆ ಪೂರ್ತಿ ಲಾಕ್ ಆಗಿ, ಸರಿಯಾದ ಕೋಡ್ ಹಾಕಿದರೂ ತೆರೆಯದ ಸ್ಥಿತಿಗೆ ಹೋಗುತ್ತವೆ. ಹಾಗಾಗಿ ಕೈಮುಗಿದು ಹೇಳುತ್ತೇನೆ, ಸುಮ್ನೆ ಊಹೆ ಮಾಡಿ ಒತ್ತಬೇಡಿ, ಒತ್ತಲು ಯಾರಿಗೂ ಬಿಡಬೇಡಿ.

ಮನೆಗೆ ಬಂದು ಗ್ಲೋವ್ ಬಾಕ್ಸ್ ಪೂರ್ತಿ ಖಾಲಿ ಮಾಡಿದೆ. ಕಾರಿನ ಜೊತೆ ಬಂದ ಮ್ಯಾನುವಲ್, ಸರ್ವಿಸ್ ಪುಸ್ತಕ, ಹಳೇ ಬಿಲ್ಲುಗಳು. ಮ್ಯಾನುವಲ್ ಕವರಿನ ಒಳಜೇಬಿನಲ್ಲಿ ಒಂದು ಕಾರ್ಡ್ ಸಿಕ್ಕಿತು. ರೇಡಿಯೊದ ಕಾರ್ಡೇ. ಅದರ ಮೇಲೆ ಉದ್ದದ ಒಂದು ನಂಬರ್, ಅದರ ಕೆಳಗೆ ನಾಲ್ಕಂಕಿಯ ಕೋಡ್.

"ಸಿಕ್ತಲ್ಲ! ಹೋಗಿ ಒತ್ತು ಮತ್ತೆ" ಅಂದರು ಅಪ್ಪ.

ನನಗೂ ಖುಷಿಯೇ. ಆದರೆ ಒತ್ತಲಿಲ್ಲ. ಕಾರಣ, ಗ್ಯಾರೇಜಿನಲ್ಲಿ ನಿಂತಾಗಲೇ ಒಂದು ಗುರುತು ಕಣ್ಣಿಗೆ ಬಿದ್ದಿತ್ತು. ಈ ರೇಡಿಯೊಗಳ ಮುಖದ ಎರಡೂ ಬದಿಯಲ್ಲಿ ತೆಳ್ಳಗಿನ ಸೀಳುಗಳಿರುತ್ತವೆ. ರೇಡಿಯೊ ಹೊರಗೆ ತೆಗೆಯುವ ಕೀ ತೂರಿಸುವ ಜಾಗ ಅವು. ನನ್ನ ರೇಡಿಯೊದ ಸೀಳುಗಳ ಸುತ್ತ ಪ್ಲಾಸ್ಟಿಕ್ ಬೆಳ್ಳಗೆ ಕೆತ್ತಿಹೋಗಿತ್ತು. ಬಲಗಡೆಯ ಒಂದರ ಅಂಚು ಸ್ವಲ್ಪ ಒಳಗೆ ತಿರುಗಿಕೊಂಡಿತ್ತು. ಸರಿಯಾದ ಕೀ ಇಲ್ಲದೆ ಯಾರೋ ಏನನ್ನೋ ತೂರಿಸಿ ಮೀಟಿದ ಗುರುತು ಅದು. ಅಂದರೆ ಈ ರೇಡಿಯೊ ಒಮ್ಮೆಯಾದರೂ ಹೊರಗೆ ಬಂದಿದೆ. ಅಂಥದ್ದರಲ್ಲಿ, ಒಳಗಿರುವ ರೇಡಿಯೊ ಮತ್ತು ಕೈಯಲ್ಲಿರುವ ಕಾರ್ಡ್ ಎರಡೂ ಒಂದಕ್ಕೊಂದು ಸೇರಿದವೇ ಅಂತ ನೋಡದೆ ಒತ್ತುವುದು ಹೇಗೆ? ಕಾರ್ಡಿನ ಮೇಲೆ ಸೀರಿಯಲ್ ನಂಬರ್ ಹಾಕಿರುವುದೇ ಹಾಗೆ ತಾಳೆ ನೋಡಲಿಕ್ಕೆ. ರೇಡಿಯೊದ ಸೀರಿಯಲ್ ನಂಬರ್ ಇರುವುದು ಅದರ ತಗಡಿನ ಮೈಮೇಲೆ. ಹೊರಗೆ ತೆಗೆದರಷ್ಟೇ ಕಾಣುತ್ತದೆ.

ತೆಗೆಯುವ ಕೀಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಒಂದೊಂದು ಕಂಪನಿಯದ್ದು ಒಂದೊಂದು ಆಕಾರ. ನನ್ನದಕ್ಕೆ ಬೇಕಾಗಿದ್ದು ಚಪ್ಪಟೆ ಉಕ್ಕಿನ ಪಟ್ಟಿಗಳು. ಫೋರ್ಡ್‌ನಂಥ ಕಾರುಗಳಲ್ಲಿ ಸೀಳಿನ ಬದಲು ಎಡಕ್ಕೆರಡು ಬಲಕ್ಕೆರಡು ಸಣ್ಣ ತೂತು ಇರುತ್ತವೆ, ಅವಕ್ಕೆ ಬಗ್ಗಿಸಿದ ಕಂಬಿಯ ಕೀ. ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಏನಾಗುತ್ತದೆ ಅನ್ನುವುದು ಆ ಕೆತ್ತಿಹೋದ ಅಂಚುಗಳಲ್ಲೇ ಕಾಣುತ್ತಿತ್ತು. ಹಾಗಾಗಿ ಕೀ ತಂದೇ ಶುರು ಮಾಡಿದೆ.

ಕಾರಿನ ಕೀ ತೆಗೆದಿಟ್ಟು, ರೇಡಿಯೊ ಆಫ್ ಇರುವುದನ್ನು ನೋಡಿಕೊಂಡು, ಪಟ್ಟಿಗಳನ್ನು ಎರಡೂ ಕಡೆ ತೂರಿಸಿದೆ. ಒಳಗಿನ ಸ್ಪ್ರಿಂಗ್ ಹಿಡಿತ ಬಿಟ್ಟಾಗ 'ಟಿಕ್' ಅಂತ ಕೈಗೇ ಗೊತ್ತಾಗುತ್ತದೆ. ಆಮೇಲೆ ಎರಡೂ ಕೈಯಿಂದ ಒಂದೇ ಸಮ, ನೇರವಾಗಿ ಎಳೆಯಬೇಕು. ಒಂದು ಕಡೆ ಮುಂದೆ ಬಂದು ಇನ್ನೊಂದು ಕಡೆ ಹಿಂದೆ ಉಳಿದರೆ ರೇಡಿಯೊ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ವೈರುಗಳ ಉದ್ದ ಅಷ್ಟಕ್ಕಷ್ಟೇ ಇರುತ್ತದೆ, ಜೋರಾಗಿ ಜಗ್ಗಬಾರದು. ಹಿಂಬದಿಯಲ್ಲಿ ಕರೆಂಟಿನ ಒಂದು ಪ್ಲಗ್, ಸ್ಪೀಕರಿನ ಒಂದು ಪ್ಲಗ್, ಆಂಟೆನಾದ ದಪ್ಪ ತಂತಿ. ಅಪ್ಪ ಟಾರ್ಚ್ ಹಿಡಿದು ನಿಂತರು. ಬಿಚ್ಚುವ ಮೊದಲು ಯಾವುದು ಎಲ್ಲಿಗೆ ಅಂತ ಫೋನಿನಲ್ಲಿ ಫೋಟೊ ತೆಗೆದುಕೊಂಡೆ.

ತಗಡಿನ ಮೇಲೆ ಬಿಳಿ ಸ್ಟಿಕ್ಕರ್. ಅದರಲ್ಲಿ ಒಂದಲ್ಲ, ಹಲವು ನಂಬರುಗಳು. ಇಲ್ಲಿ ಸ್ವಲ್ಪ ನಿಧಾನ ಬೇಕು. 035 ಅನ್ನುವ ಅಂಕಿಗಳು ನಡುವೆ ಬರುವುದು ಪಾರ್ಟ್ ನಂಬರ್. ಆ ಮಾಡೆಲ್‌ನ ಎಲ್ಲಾ ರೇಡಿಯೊಗಳಿಗೂ ಅದು ಒಂದೇ, ಕೋಡಿಗೂ ಅದಕ್ಕೂ ಸಂಬಂಧವಿಲ್ಲ. ನಮಗೆ ಬೇಕಾದ್ದು ಬಾರ್‌ಕೋಡಿನ ಪಕ್ಕದಲ್ಲಿರುವ, 'ವಿಡಬ್ಲ್ಯುಝಡ್' ಎಂದು ಶುರುವಾಗುವ ಹದಿನಾಲ್ಕು ಅಕ್ಷರ ಅಂಕಿಗಳ ಸಾಲು. ಅದೇ ಬಳಗದ ಆಡಿ ಕಾರಾದರೆ 'ಎಯುಝಡ್', ಸ್ಕೋಡಾ ಆದರೆ 'ಎಸ್‌ಕೆಝಡ್', ಸಿಯಾಟ್ ಆದರೆ 'ಎಸ್‌ಇಝಡ್' ಎಂದು ಶುರುವಾಗುತ್ತದೆ. ಸೊನ್ನೆ ಮತ್ತು 'ಓ', ಎಂಟು ಮತ್ತು 'ಬಿ' ಒಂದೇ ತರಹ ಕಾಣುವುದರಿಂದ ಬರೆದುಕೊಳ್ಳುವುದಕ್ಕಿಂತ ಹತ್ತಿರದಿಂದ ಫೋಟೊ ತೆಗೆಯುವುದು ವಾಸಿ.

ಕಾರ್ಡ್ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಓದಿದೆ. ಅಪ್ಪ ಕಾರ್ಡಿನಿಂದ ಓದಿದರು, ನಾನು ಸ್ಟಿಕ್ಕರಿನಿಂದ. ಮೊದಲ ಕೆಲವು ಕೂಡಿದವು. ಕೊನೆಯ ಏಳಂಕಿಗಳು ಪೂರ್ತಿ ಬೇರೆ.

ಮೇಷ್ಟ್ರಿಗೆ ಫೋನ್ ಮಾಡಿದೆ. "ಅಯ್ಯೋ, ಹೌದಮ್ಮ, ನಿನಗೆ ಹೇಳೋದೇ ಮರೆತೆ" ಅಂದರು. "ಕಾರಿನ ಜೊತೆ ಬಂದಿದ್ದರಲ್ಲಿ ಕ್ಯಾಸೆಟ್ಟು ಸಿಕ್ಕಿಹಾಕ್ಕೊಂಡು ಬಿಟ್ಟಿತ್ತು. ಗುಜರಿಗೆ ಬಂದ ಅದೇ ತರದ ಕಾರಿಂದ ಇನ್ನೊಂದು ತೆಗೆದು ಹಾಕಿಕೊಟ್ರು. ಅವರೇ ಏನೋ ನಂಬರ್ ಹಾಕಿ ಆನ್ ಮಾಡಿದ್ರು. ಆ ನಂಬರ್ ನಾನು ಕೇಳಿಕೊಳ್ಳಲಿಲ್ಲ ನೋಡು." ಪಾಪ, ಹತ್ತು ಸಲ ಬೇಜಾರು ಮಾಡಿಕೊಂಡರು. ಅವರು ರೇಡಿಯೊ ಬದಲಾಯಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದಾಗಿ ತಾವೇ ಹೇಳಿದರು. ಅದು ಆಮೇಲೆ ತುಂಬಾ ಕೆಲಸಕ್ಕೆ ಬಂತು.

ಸರ್ವಿಸ್ ಸೆಂಟರಿನಲ್ಲಿ ಕಾರಿನ ನೋಂದಣಿ ಪತ್ರ, ನನ್ನ ಗುರುತಿನ ಚೀಟಿ ಎರಡನ್ನೂ ಕೇಳಿದರು. ಕೇಳಬೇಕಾದ್ದೇ. ಸೀರಿಯಲ್ ನಂಬರ್ ಹೇಳಿದವರಿಗೆಲ್ಲ ಕೋಡ್ ಕೊಡುತ್ತಾ ಹೋದರೆ ಕದ್ದವನಿಗೂ ಕೊಟ್ಟಂತಾಗುತ್ತದೆ, ಆಮೇಲೆ ಕೋಡ್ ಇದ್ದೇನು ಬಂತು? ಕೌಂಟರಿನಲ್ಲಿದ್ದವರು ಕಾರಿನ ಚಾಸಿ ನಂಬರ್ ಹಾಕಿ ಹುಡುಕಿ ಒಂದು ಕೋಡ್ ಬರೆದುಕೊಟ್ಟರು. ನೋಡಿದರೆ ನಮ್ಮ ಕಾರ್ಡಿನಲ್ಲಿದ್ದ ಅದೇ ನಾಲ್ಕಂಕಿ! ಅವರದ್ದೇನೂ ತಪ್ಪಲ್ಲ. ಚಾಸಿ ನಂಬರಿಗೆ ಸಿಗುವುದು ಕಾರ್ಖಾನೆಯಿಂದ ಆ ಕಾರಿನ ಜೊತೆ ಹೊರಟ ರೇಡಿಯೊದ ಕೋಡ್. ಆ ರೇಡಿಯೊ ಈಗ ಕಾರಿನಲ್ಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಎಡವುವುದು ಇಲ್ಲೇ. ಸರ್ವಿಸ್ ಸೆಂಟರಿನವರೇ ಕೊಟ್ಟ ಕೋಡ್ ಅಂತ ನಂಬಿ ಹಾಕುತ್ತಾರೆ, ಲಾಕ್ ಆಗುತ್ತದೆ, ರೇಡಿಯೊ ಹಾಳಾಗಿದೆ ಅಂತ ತೆಗೆದು ಬಿಸಾಡುತ್ತಾರೆ. ಚೆನ್ನಾಗಿರುವ ಸಾಮಾನು ಹೀಗೆ ಗುಜರಿಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಾನು ಸ್ಟಿಕ್ಕರಿನ ಫೋಟೊ, ಮೇಷ್ಟ್ರ ಚೀಟಿ ಎರಡನ್ನೂ ಮುಂದಿಟ್ಟೆ. "ಓ, ರೇಡಿಯೊ ಬೇರೆ ಇದೆಯಾ? ಹಾಗಾದ್ರೆ ಸೀರಿಯಲ್ ನಂಬರ್ ಕಳಿಸಿ ತರಿಸಬೇಕು ಮೇಡಂ" ಅಂತ ಹೇಳಿ ಫಾರಂ ತುಂಬಿಸಿಕೊಂಡರು. ಕೋಡ್ ಬಂತು. ಫಾರಂನಲ್ಲಿ ಅವರು ಬರೆದ ಸೀರಿಯಲ್ ನಂಬರನ್ನು ನಾನು ಫೋಟೊ ಜೊತೆ ಇನ್ನೊಮ್ಮೆ ತಾಳೆ ನೋಡಿದೆ. ಹದಿನಾಲ್ಕರಲ್ಲಿ ಒಂದು ತಪ್ಪಿದರೂ ಬರುವ ಕೋಡ್ ಬೇರೆ ಯಾವುದೋ ರೇಡಿಯೊದ್ದು, ಅಲ್ವಾ?

ರೇಡಿಯೊ ವಾಪಸ್ ಕೂರಿಸುವುದು ಸುಲಭ. ಪ್ಲಗ್‌ಗಳನ್ನು ಹಾಕಿ, ವೈರು ಹಿಂದೆ ಮಡಚಿ ಸಿಕ್ಕಿಕೊಳ್ಳದಂತೆ ನೋಡಿಕೊಂಡು, ತಳ್ಳಿದರೆ ತಾನೇ ಕೂರುತ್ತದೆ. ತಳ್ಳುವ ಮೊದಲು ಕೀ ಪಟ್ಟಿಗಳನ್ನು ತೆಗೆದಿರಬೇಕು. ರೇಡಿಯೊದ ಪಕ್ಕದಲ್ಲಿರುವ ಸ್ಪ್ರಿಂಗ್ ನಾಲಗೆಗಳನ್ನು ಬೆರಳಿನಿಂದ ಒಳಗೆ ಒತ್ತಿದರೆ ಅವು ಬಿಟ್ಟುಕೊಡುತ್ತವೆ.

ಇನ್ನು ಆ ಒಂದು ಗಂಟೆಯ ಲಾಕ್. ಗ್ಯಾರೇಜಿನಲ್ಲಿ ಆಗಿದ್ದು ಎಷ್ಟೋ ಹಿಂದೆ ಕಳೆದುಹೋಯಿತಲ್ಲ ಅನ್ನಿಸಬಹುದು. ರೇಡಿಯೊ ಆನ್ ಆಗಿದ್ದ ಹೊತ್ತು ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಾರಿನ ಕೀ ಹಾಕಿ, ರೇಡಿಯೊ ಆನ್ ಮಾಡಿ, ಪರದೆಯ ಮೇಲೆ 'ಸೇಫ್' ಇರುವಂತೆಯೇ ಬಿಟ್ಟು ಕಾಯಬೇಕು. ಅಪ್ಪ ಪಕ್ಕದ ಸೀಟಿನಲ್ಲಿ ಪೇಪರ್ ಓದುತ್ತಾ ಕೂತರು. ಗಂಟೆ ಕಳೆದ ಮೇಲೂ ಸ್ವಲ್ಪ ಹೊತ್ತು ಹೆಚ್ಚಿಗೆ ಬಿಟ್ಟೆ.

ಆಮೇಲೆ ಆಫ್ ಮಾಡಿ ಆನ್ ಮಾಡಿದೆ. 'ಸೇಫ್' ಹೋಗಿ '1000' ಅಂತ ಬಂತು. ಅದು ಕೋಡ್ ಅಲ್ಲ, ಕೋಡ್ ಬರೆಯುವ ಜಾಗ. ಸ್ಟೇಷನ್ ಗುಂಡಿ 1 ಒತ್ತಿದಷ್ಟೂ ಮೊದಲ ಅಂಕಿ ಏರುತ್ತದೆ, ಗುಂಡಿ 2ಕ್ಕೆ ಎರಡನೆಯದು, ಹೀಗೆ ನಾಲ್ಕರ ತನಕ. ಕೋಡಿನ ಅಂಕಿಗಳನ್ನೇ ಸಾಲಾಗಿ ಒತ್ತುತ್ತಾ ಹೋಗುವುದಲ್ಲ. ಕೆಲವು ಮಾಡೆಲ್‌ಗಳಲ್ಲಿ '1000' ತಾನಾಗಿ ಬರುವುದಿಲ್ಲ, ಎರಡು ಗುಂಡಿ ಒಟ್ಟಿಗೆ ಹಿಡಿದು ಬರಿಸಿಕೊಳ್ಳಬೇಕು. ಯಾವ ಗುಂಡಿ ಅನ್ನುವುದು ಆ ರೇಡಿಯೊದ ಮ್ಯಾನುವಲ್‌ನಲ್ಲೇ ಇರುತ್ತದೆ. ನಾಲ್ಕೂ ಅಂಕಿ ಬಂದ ಮೇಲೆ ಅಪ್ಪನಿಂದ ಒಮ್ಮೆ ಓದಿಸಿ, ಸ್ಟೇಷನ್ ಹುಡುಕುವ ಬಲಗಡೆಯ ಗುಂಡಿಯನ್ನು ಒತ್ತಿ ಹಿಡಿದೆ. 'ಸೇಫ್' ಒಂದು ಕ್ಷಣ ಬಂದು ಹೋಯಿತು. ಆಮೇಲೆ ಸ್ಟೇಷನ್ ನಂಬರ್, ಅದರ ಹಿಂದೆಯೇ ಜೋರಾಗಿ ಸದ್ದು. ಅಪ್ಪ ಪೇಪರ್ ಮಡಚಿ ಹಿಂದಿನ ಸೀಟಿಗೆ ಎಸೆದು, "ಆ ನೀಲಿ ಕ್ಯಾಸೆಟ್ಟು ಕೊಡು ಇಲ್ಲಿ" ಅಂದರು.

ಇದಾದ ಮೇಲೆ ಪರಿಚಯದವರು ತಮ್ಮ ತಮ್ಮ ಕಾರುಗಳ ಕತೆ ಹೇಳಿಕೊಂಡು ಬಂದರು. ಎಲ್ಲರಿಗೂ ರೇಡಿಯೊ ಬಿಚ್ಚುವ ಕಷ್ಟ ಬರುವುದಿಲ್ಲ. ಅತ್ತಿಗೆಯ ಹೋಂಡಾದಲ್ಲಿ ಸೀರಿಯಲ್ ನಂಬರನ್ನು ಪರದೆಯ ಮೇಲೇ ನೋಡಿದೆವು. ಹೋಂಡಾದ ಹಲವು ಮಾಡೆಲ್‌ಗಳಲ್ಲಿ ರೇಡಿಯೊ ಆಫ್ ಮಾಡಿ, 1 ಮತ್ತು 6ರ ಗುಂಡಿಗಳನ್ನು ಒಟ್ಟಿಗೆ ಹಿಡಿದು ಆನ್ ಮಾಡಿದರೆ ಸಾಕು. ಕೆಲವದರಲ್ಲಿ ನಂಬರ್ ಎರಡು ಭಾಗವಾಗಿ ಬರುತ್ತದೆ, 'ಯು' ಜೊತೆ ಮೇಲಿನ ಅರ್ಧ, 'ಎಲ್' ಜೊತೆ ಕೆಳಗಿನ ಅರ್ಧ. ಕೊನೆಗೆ ಅದೂ ಬೇಕಾಗಲಿಲ್ಲ. ಗ್ಲೋವ್ ಬಾಕ್ಸಿನ ಒಳಗೋಡೆಗೆ ಸಣ್ಣ ಬಿಳಿ ಸ್ಟಿಕ್ಕರಿನಲ್ಲಿ ಕೋಡೇ ಅಂಟಿಸಿತ್ತು. ಅದರ ಈಚಿನ ಮಾಡೆಲ್‌ಗಳಲ್ಲಿ ಪವರ್ ಗುಂಡಿಯನ್ನು ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡಿದರೆ, ಅದೇ ಕಾರಿನಲ್ಲಿ ಇದ್ದೇನೆ ಅಂತ ರೇಡಿಯೊ ತಾನೇ ಖಾತ್ರಿ ಮಾಡಿಕೊಂಡು ಕೋಡ್ ಇಲ್ಲದೆಯೇ ತೆರೆಯುತ್ತದೆ. ಮೊದಲು ಅದನ್ನು ನೋಡಿಬಿಡಿ.

ಫೋರ್ಡ್‌ನ ಹಳೇ ರೇಡಿಯೊಗಳಲ್ಲಿ ಸೀರಿಯಲ್ ನಂಬರ್ 'ವಿ' ಅಥವಾ 'ಎಂ' ಅಕ್ಷರದಿಂದ ಶುರುವಾಗಿ ಆರು ಅಂಕಿ ಇರುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಎರಡು ಗುಂಡಿ ಹಿಡಿದು ಪರದೆಯಲ್ಲೇ ನೋಡಬಹುದು. ರೆನೊದ್ದು ಇನ್ನೂ ಚಿಕ್ಕದು. ಒಂದು ಅಕ್ಷರ, ಮೂರು ಅಂಕಿ. ಅದನ್ನು ಪ್ರೀ-ಕೋಡ್ ಅನ್ನುತ್ತಾರೆ, ಸ್ಟಿಕ್ಕರಿನ ಮೇಲೆ ಇರುತ್ತದೆ. ಆ ನಾಲ್ಕು ಅಕ್ಷರದಿಂದಲೇ ಕೋಡ್ ತಿಳಿಯುತ್ತದೆ.

ಕಾಸು ಕೊಟ್ಟರೆ ಕೋಡ್ ಕೊಡುತ್ತೇವೆ ಅನ್ನುವವರೂ ಬೇಕಾದಷ್ಟು ಜನ ಇದ್ದಾರೆ. ನನ್ನ ಒರೆಗಲ್ಲು ಒಂದೇ. ರೇಡಿಯೊದ ಸೀರಿಯಲ್ ನಂಬರ್ ಕೇಳದೆ, ಬರೀ ಕಾರಿನ ಮಾಡೆಲ್ ಮತ್ತು ವರ್ಷ ಕೇಳಿ ಕೋಡ್ ಕೊಡುತ್ತೇವೆ ಅನ್ನುವವರನ್ನು ನಂಬಬೇಡಿ. ಒಂದೇ ಮಾಡೆಲ್‌ನ ಎರಡು ರೇಡಿಯೊಗಳಿಗೆ ಕೋಡ್ ಒಂದೇ ಇರುವುದಿಲ್ಲ.

ಸ್ಟಿಕ್ಕರ್ ಹರಿದುಹೋಗಿದ್ದರೆ, ನಂಬರ್ ಅಳಿಸಿಹೋಗಿದ್ದರೆ ಕಡೆಯ ದಾರಿ ಒಂದಿದೆ. ಎಲೆಕ್ಟ್ರಾನಿಕ್ಸ್ ರಿಪೇರಿ ಚೆನ್ನಾಗಿ ಬಲ್ಲವರು ರೇಡಿಯೊ ಬಿಚ್ಚಿ, ಆಗ ಹೇಳಿದ ಮೆಮೊರಿ ಚಿಪ್ ಅನ್ನೇ ಓದಿ ಕೋಡ್ ಹೇಳಬಲ್ಲರು. ಬೆಸುಗೆಯ ಕೈ ಪಳಗಿರಬೇಕು. ಅವರೂ ಕಾರಿನ ಪತ್ರ ಕೇಳಿದರೆ ಒಳ್ಳೆಯವರು ಅಂತ ತಿಳಿಯಿರಿ.

ಮುಂದಿನ ಸಲ ಬ್ಯಾಟರಿ ಬದಲಾಯಿಸುವಾಗ ಕರೆಂಟು ಕಡಿಯದಂತೆ ಮಾಡಲು ಮೆಮೊರಿ ಸೇವರ್ ಅನ್ನುವ ಸಾಧನ ಸಿಗುತ್ತದೆ. ಸಿಗರೇಟ್ ಲೈಟರ್ ತೂತಿಗೋ ಸ್ಕ್ಯಾನರ್ ಹಾಕುವ ಓಬಿಡಿ ಪೋರ್ಟಿಗೋ ಚುಚ್ಚಿ, ಅಷ್ಟು ಹೊತ್ತು ಬೇರೆ ಬ್ಯಾಟರಿಯಿಂದ ಕಾರಿಗೆ ಸ್ವಲ್ಪ ಕರೆಂಟು ಕೊಡುವಂಥದ್ದು. ಎಷ್ಟೋ ಕಾರುಗಳಲ್ಲಿ ಕೀ ತೆಗೆದರೆ ಲೈಟರ್ ತೂತಿನ ಸಂಪರ್ಕ ಕಡಿದುಹೋಗುತ್ತದೆ, ಅಂಥವಕ್ಕೆ ಓಬಿಡಿಯದ್ದೇ ಬೇಕು. ಅದು ಹಾಕಿರುವಾಗ ಬ್ಯಾಟರಿಯಿಂದ ಕಳಚಿದ ಪ್ಲಸ್ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ, ತಗಡಿಗೆ ತಾಗದಂತೆ ಬಟ್ಟೆ ಸುತ್ತಿಡಬೇಕು. ಮೆಕ್ಯಾನಿಕ್‌ಗೆ ಇದನ್ನು ಮೊದಲೇ ಹೇಳಿ.

ಕಾರ್ಡಿನಲ್ಲಿದ್ದ ಹಳೇ ನಂಬರನ್ನು ನಾನು ಹೊಡೆದುಹಾಕಿ, ಈಗಿನ ರೇಡಿಯೊದ ಸೀರಿಯಲ್ ನಂಬರ್ ಮತ್ತು ಕೋಡ್ ಎರಡನ್ನೂ ಅದರ ಮೇಲೆ ಬರೆದೆ. ಕಾರ್ಡ್ ಈಗ ಮನೆಯಲ್ಲಿ ಕಾರಿನ ಕಾಗದಪತ್ರದ ಫೈಲಿನಲ್ಲಿದೆ. ಕಾರಿನೊಳಗೆ ಇಟ್ಟರೆ ರೇಡಿಯೊ ಕದ್ದವನಿಗೆ ಕೋಡೂ ಸಿಕ್ಕಿಬಿಡುತ್ತದೆ.